ಕಡಯಂಪಟ್ಟಿಯಲ್ಲಿ ಕನ್ನಡದ ಅಡುಗೆ: ಅಂಗಡಿಯಲ್ಲಿ ಏನೆಂದು ಕೇಳಬೇಕು?



ಬೆಂಗಳೂರಿನಿಂದ ಕೃಷ್ಣಗಿರಿ, ಧರ್ಮಪುರಿ ದಾಟಿ ತೊಪ್ಪೂರು ಘಾಟಿ ಇಳಿದರೆ ಸೇಲಂ ಜಿಲ್ಲೆಯ ಕಡಯಂಪಟ್ಟಿ ದೂರವಿಲ್ಲ. ಮದುವೆಯಾಗಿಯೋ ಕೆಲಸಕ್ಕಾಗಿಯೋ ಈ ಕಡೆಗೆ ಬಂದವರು ಊರಿಗೆ ಹೋದಾಗಲೆಲ್ಲ ಅಡುಗೆ ಸಾಮಾನು ಹೊತ್ತು ತರುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಸಿಗುತ್ತದೆ. 1792ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಬಾರಾಮಹಲಿನ ಸೀಮೆ ಇದು. ರಾಗಿ, ಹುರುಳಿ, ಅವರೆ ಇಲ್ಲಿಯ ಹೊಲದಲ್ಲೂ ಬೆಳೆಯುತ್ತವೆ. ಬೇರೆಯಾಗಿರುವುದು ಹೆಸರು.

ಧಾನ್ಯ

ರಾಗಿ ಎಂದರೆ ಅಂಗಡಿಯವರಿಗೆ ತಿಳಿಯುತ್ತದೆ. ಪೊಟ್ಟಣದ ಮೇಲೆ 'ಕೇಳ್ವರಗು' ಎಂದಿರುತ್ತದೆ. ಬರಿಯ 'ವರಗು' ಎಂದು ಕೇಳಿದರೆ ಹಾರಕ ಕೊಡುತ್ತಾರೆ. ನವಣೆಗೆ 'ತಿನೈ', ಸಜ್ಜೆಗೆ 'ಕಂಬು' ಎನ್ನಬೇಕು. ನಮ್ಮ ಮುದ್ದೆಯೇ ಇಲ್ಲಿಯ 'ಕಳಿ'. ಅಕ್ಕಿ ನುಚ್ಚು ಬೇಯಿಸಿ ಅದಕ್ಕೆ ಹಿಟ್ಟು ಹಾಕಿ ಕಳಿ ತಿರುವುವ ರೂಢಿ ಇಲ್ಲಿದೆ. ಬರಿಯ ಹಿಟ್ಟಿನ ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು ಸಾಕು.

ಬೇಳೆ ಕಾಳು

ಇಲ್ಲಿ 'ಕಡಲೈ' ಎಂದರೆ ಹೆಚ್ಚಾಗಿ ಶೇಂಗಾ ಕೈಗೆ ಬರುತ್ತದೆ. ಕಡಲೆಬೇಳೆ ಬೇಕಾದರೆ 'ಕಡಲೈ ಪರುಪ್ಪು', ಹುರಿಗಡಲೆಗೆ 'ಪೊಟ್ಟುಕ್ಕಡಲೈ' ಎನ್ನಿ. ತೊಗರಿಬೇಳೆ 'ತುವರಂ ಪರುಪ್ಪು', ಹುರುಳಿ 'ಕೊಳ್ಳು', ಅಲಸಂದೆ 'ತಟ್ಟೈಪ್ಪಯರು'. 'ಅವರೈ' ಎಂದರೆ ಸಿಪ್ಪೆಸಮೇತ ಪಲ್ಯ ಮಾಡುವ ಚಪ್ಪಟೆ ಕಾಯಿ ಕೊಡುತ್ತಾರೆ. ಅವರೆಕಾಳಿಗೆ 'ಮೊಚ್ಚೈ' ಎನ್ನಬೇಕು. ಹಸಿ ಕಾಳು ಡಿಸೆಂಬರ್, ಜನವರಿಯಲ್ಲಿ ಚೆನ್ನಾಗಿ ಬರುತ್ತದೆ. ಉಳಿದ ತಿಂಗಳಲ್ಲಿ ಒಣಕಾಳನ್ನು ರಾತ್ರಿಯಿಡೀ ನೆನೆಸಿ ಹಿತುಕಿದರೆ ಹಿತಕಿದ ಬೇಳೆ ಸಾರಿಗೆ ಆಗುತ್ತದೆ.

ಸೊಪ್ಪು

ತಮಿಳಿನಲ್ಲಿ ಎಲ್ಲ ಸೊಪ್ಪೂ 'ಕೀರೈ'. ದಂಟಿನ ಸೊಪ್ಪು 'ತಂಡುಕ್ಕೀರೈ', ನುಗ್ಗೆಸೊಪ್ಪು 'ಮುರುಂಗೈಕ್ಕೀರೈ', ಮೆಂತ್ಯದ ಸೊಪ್ಪು 'ವೆಂದಯಕ್ಕೀರೈ'. ದಂಟು ಮತ್ತು ತೊಗರಿಬೇಳೆ ಸಿಕ್ಕರೆ ಬಸ್ಸಾರಿಗೆ ಮತ್ತೇನೂ ಹುಡುಕಬೇಕಾಗಿಲ್ಲ. ಎರಡನ್ನೂ ಬೇಯಿಸಿ ಕಟ್ಟು ಬಸಿದು, ಕಟ್ಟಿಗೆ ಹುರಿದು ರುಬ್ಬಿದ ಖಾರ ಹಾಕಿ ಸಾರು ಕುದಿಸಿ. ಉಳಿದುದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಸಬ್ಬಸಿಗೆ ಎಲ್ಲ ಸಂತೆಗೂ ಬರುವುದಿಲ್ಲ. ಬೀಜ ತಂದು ಕುಂಡದಲ್ಲಿ ಬಿತ್ತಿಕೊಳ್ಳುವುದು ಒಳ್ಳೆಯದು.

ಖಾರ, ಹುಳಿ

'ಮಿಳಗು' ಕಾಳುಮೆಣಸು, 'ಮಿಳಗಾಯ್' ಮೆಣಸಿನಕಾಯಿ. 'ಪುಳಿ' ಎಂದರೆ ಹುಣಸೆಹಣ್ಣು. ಕೊಬ್ಬರಿಗೆ 'ಕೊಪ್ಪರೈ', ಸಾಸಿವೆಗೆ 'ಕಡುಗು', ಹುಚ್ಚೆಳ್ಳಿಗೆ 'ಪೇಯೆಳ್ಳು' ಎಂದು ಕೇಳಿ. ಊರಿನಿಂದ ತರಲೇಬೇಕಾದದ್ದು ಬ್ಯಾಡಗಿ ಮೆಣಸಿನಕಾಯಿ. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಇಲ್ಲಿಯ ಗುಂಡು ಮೆಣಸಿನಕಾಯಿಯನ್ನು ಅದೇ ಲೆಕ್ಕದಲ್ಲಿ ಹಾಕಿದರೆ ಮಕ್ಕಳು ಉಣ್ಣಲಾರರು, ಅರ್ಧಕ್ಕೆ ಇಳಿಸಿ. ಹುಳಿಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳಿ. ನಮ್ಮ ಕಡೆಯ ಚಕ್ಕೆ, ಕೊಬ್ಬರಿಯ ಪರಿಮಳ ಇಲ್ಲಿಯ ಸಾಂಬಾರ್ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕೊನೆಯದಾಗಿ ಒಂದು ಮಾತು. ಅಂಗಡಿಯಲ್ಲಿ 'ಕೊಳ್ಳು' ಎನ್ನೋಣ, ಮನೆಯಲ್ಲಿ ಹುರುಳಿ ಎನ್ನೋಣ. ತಮಿಳು, ಇಂಗ್ಲಿಷಿನಲ್ಲಿ ಓದುವ ನಮ್ಮ ಮಕ್ಕಳಿಗೆ ಹಾರಕ, ಹುಚ್ಚೆಳ್ಳು, ಬಸ್ಸಾರು ಎಂಬ ಮಾತುಗಳು ಕಿವಿಗೆ ಬೀಳುವುದು ಅಡುಗೆಮನೆಯಲ್ಲಿ ಮಾತ್ರ. ಅಲ್ಲಿ ಆ ಅಡುಗೆ ನಿಂತರೆ ಆ ಮಾತೂ ನಿಲ್ಲುತ್ತದೆ. ಕಾಳು ಆರಿಸುವ ಕೆಲಸಕ್ಕೆ ಮಕ್ಕಳನ್ನೂ ಕೂರಿಸಿಕೊಂಡು ಒಂದೊಂದರ ಹೆಸರು ಹೇಳಿಕೊಡಿ.

ಹೊಸೂರು, ಧರ್ಮಪುರಿ, ಓಮಲೂರು ಕಡೆಯ ಸದಸ್ಯರು ತಮ್ಮ ಸಂತೆಯಲ್ಲಿ ಬಳಕೆಯಲ್ಲಿರುವ ಬೇರೆ ಹೆಸರುಗಳನ್ನು ಬರೆದು ಕಳಿಸಿದರೆ ಈ ಪಟ್ಟಿಗೆ ಸೇರಿಸುತ್ತೇವೆ.