ಬಣ್ಣದ ಕೆಳಗಿನ ಗೋಪುರ

ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕೆ ಮೊದಲು ಸಿಕ್ಕಿದ್ದು ಇಪ್ಪತ್ತು ವರ್ಷದ ಆಯಸ್ಸು ಮಾತ್ರ. 1889ರ ಜಾಗತಿಕ ವಸ್ತುಪ್ರದರ್ಶನಕ್ಕೆ ಅಂತ ಎದ್ದ ಅದನ್ನು, ಗುತ್ತಿಗೆಯ ಅವಧಿ ಮುಗಿದ ಮೇಲೆ ನಗರಾಡಳಿತ ಬೇಕಾದರೆ ಬಿಚ್ಚಿಹಾಕಬಹುದಿತ್ತು. ತುದಿಗೆ ಕಟ್ಟಿದ ರೇಡಿಯೊ ತಂತಿ ಸೈನ್ಯದ ಉಪಯೋಗಕ್ಕೆ ಬಂತು, ಗೋಪುರ ಉಳಿಯಿತು. ನಾವು ಕೇಳಿದ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತೆ. ಆದರೆ ನಗರಾಡಳಿತ ಬಿಟ್ಟರೂ ತುಕ್ಕು ಬಿಡಬೇಕಲ್ಲ!

ಗೋಪುರದ್ದು ಉಕ್ಕಲ್ಲ, ಲೊರೇನ್ ಪ್ರಾಂತ್ಯದ ಕುಲುಮೆಗಳಲ್ಲಿ ಕಲಕಿ ಹದ ಮಾಡಿದ ಕಬ್ಬಿಣ. ಸುಮಾರು 7,300 ಟನ್, 18,038 ಬಿಡಿಭಾಗ, 25 ಲಕ್ಷ ರಿವೆಟ್ಟು. ಗಾಳಿ, ನೀರು ಎರಡೂ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತೆ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಎರಡು ತಗಡು ಕೂಡುವ ಸಂದಿಯಲ್ಲಿ ನೀರು ನಿಂತರೆ, ಒಳಗೇ ಊದಿದ ತುಕ್ಕು ತಗಡನ್ನು ಬಾಗಿಸುತ್ತೆ, ರಿವೆಟ್ಟನ್ನೂ ಸಡಿಲಿಸುತ್ತೆ. ಅದಕ್ಕೇ ಬಲ್ಲವರು ಮೊದಲು ಕಣ್ಣು ಹಾಯಿಸೋದು ಸಂದಿಗೆ, ರಿವೆಟ್ಟಿನ ತಲೆಗೆ, ನೀರು ನಿಲ್ಲೋ ಮೂಲೆಗೆ. ಬಣ್ಣ ಗುಳ್ಳೆ ಎದ್ದಿದೆಯಾ? ಸಂದಿಯಿಂದ ಕಂದು ನೀರಿಳಿದ ಗೆರೆ ಇದೆಯಾ? ಇದ್ದರೆ ಒಳಗೆ ತುಕ್ಕು ಕೆಲಸ ಶುರು ಮಾಡಿದೆ ಅಂತ ಲೆಕ್ಕ.

ಗುಸ್ತಾವ್ ಐಫೆಲ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಲೋಹದ ಕಟ್ಟಡ ಬಾಳಬೇಕಾದರೆ ಬಣ್ಣವೇ ಮುಖ್ಯ ಅಂತ 1900ರಲ್ಲೇ ಬರೆದಿಟ್ಟ. ಆವತ್ತಿನಿಂದ ಸರಾಸರಿ ಏಳು ವರ್ಷಕ್ಕೊಮ್ಮೆ ಗೋಪುರಕ್ಕೆ ಬಣ್ಣ ಬಳಿದಿದ್ದಾರೆ. ಒಂದು ಸಲಕ್ಕೆ 60 ಟನ್ ಬಣ್ಣ, ಅದೂ ಯಂತ್ರದಲ್ಲಲ್ಲ, ಕೈಯಲ್ಲಿ ಬ್ರಷ್ ಹಿಡಿದು. ಮೊದಲು ಕೆಂಪು, 1899ರಲ್ಲಿ ಕೆಳಗಿಂದ ಮೇಲಕ್ಕೆ ತಿಳಿಯಾಗುತ್ತಾ ಹೋಗುವ ಹಳದಿ, 1968ರಲ್ಲಿ ಕಂದು. ನೋಡೋರಿಗೆ ಅದು ಅಲಂಕಾರ, ಕಬ್ಬಿಣಕ್ಕೆ ಕೊಡೆ.

ಆದರೆ ಕೊಡೆಯ ಮೇಲೆ ಕೊಡೆ ಹಿಡಿಯುತ್ತಾ ಹೋದರೆ ಒಳಗಿರೋನು ಕಾಣೋದೇ ಇಲ್ಲ. ಹೊಸ ಬಣ್ಣದ ಅಡಿಯಲ್ಲಿ ಹಳೇ ತುಕ್ಕು ಉಳಿದರೆ ಅದು ಅಲ್ಲೇ ಬೆಳೆಯುತ್ತೆ, ಬಣ್ಣವನ್ನೇ ಎತ್ತಿಹಾಕುತ್ತೆ. ಹೆರೆದು ಕಬ್ಬಿಣ ಕಾಣುವವರೆಗೆ ಹೋಗೋಣ ಅಂದರೆ ಇನ್ನೊಂದು ತೊಡಕು: ಹಿಂದಿನವರು ತುಕ್ಕು ತಡೆಯೋಕೆ ಅಂತಲೇ ಬಳಿದ ಹಳೆಯ ಪದರಗಳಲ್ಲಿ ಸೀಸ ಇದೆ. ಹೆರೆದರೆ ಅದರ ಧೂಳು ಕೆಲಸಗಾರರ ಎದೆಗಿಳಿಯುತ್ತೆ. ಇಪ್ಪತ್ತನೇ ಸಲದ ಬಣ್ಣದ ಕೆಲಸ ಇದೇ ಕಾರಣಕ್ಕೆ 2021ರ ಫೆಬ್ರುವರಿಯಲ್ಲಿ ನಿಂತುಹೋಯಿತು. ಮಾರನೇ ವರ್ಷ ಫ್ರಾನ್ಸಿನ ಪತ್ರಿಕೆಯೊಂದು, ಗೋಪುರಕ್ಕೆ ತುಕ್ಕಿನ ಕಾಟ ಹೆಚ್ಚಿದೆ ಅನ್ನುವ ಗೋಪ್ಯ ವರದಿಗಳನ್ನು ಬಯಲಿಗೆಳೆಯಿತು.

ಗೋಪುರವನ್ನು ಇಷ್ಟು ಕಾಲ ಕಾದದ್ದು ಬ್ರಷ್ಷು, ನಿಜ. ಇನ್ನು ಮುಂದೆ ಕಾಯಬೇಕಾದ್ದು ಅದಕ್ಕಿಂತ ಮೊದಲು ಕೈಗೆ ಬರಬೇಕಾದ ಹೆರೆಮಣೆಯಂಥ ಉಪಕರಣ. ಬಳಿಯೋದು ಕಾಣುತ್ತೆ, ಫೋಟೋಗೂ ಒದಗುತ್ತೆ. ಹೆರೆಯೋದು ನಿಧಾನದ, ದುಬಾರಿಯ, ಯಾರ ಕಣ್ಣಿಗೂ ಬೀಳದ ಕೆಲಸ. ಕಬ್ಬಿಣದ ಆಯಸ್ಸು ನಿಂತಿರೋದು ಅದರ ಮೇಲೆಯೇ.