ನಿಂತ ಕಾರಿನ ಬ್ಯಾಟರಿ ತಿನ್ನುವವರು ಯಾರು: ಬೆರ್ರಿಯೆಸಾದಿಂದ ಕಂಡ ಒಂದು ಹುಡುಕಾಟದ ಇತಿಹಾಸ

ನಿಲ್ಲಿಸಿಟ್ಟ ಕಾರಿನ ಬ್ಯಾಟರಿ ಇಳಿದುಹೋದರೆ ಕಾರು ಕದಲುವುದಿಲ್ಲ ಎಂಬ ಸ್ಥಿತಿ ಬಂದದ್ದು ವಿದ್ಯುತ್ ಸ್ಟಾರ್ಟರಿನ ಜೊತೆಗೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಕಾಣಿಸಿಕೊಂಡಿತು. ಅಲ್ಲಿಯವರೆಗೆ ಎಂಜಿನ್ ಚಾಲೂ ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುವಬೇಕಿತ್ತು.

ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಈಶಾನ್ಯ ಭಾಗದಲ್ಲಿರುವ ಬೆರ್ರಿಯೆಸಾ, ಪ್ರೂನ್ ಮತ್ತು ಏಪ್ರಿಕಾಟ್ ತೋಟಗಳ ಸೀಮೆ. 1955ರಲ್ಲಿ ಪಕ್ಕದ ಮಿಲ್ಪಿಟಾಸ್‌ನಲ್ಲಿ ಫೋರ್ಡ್ ಕಾರ್ಖಾನೆ ಶುರುವಾಯಿತು. 1960ರಲ್ಲಿ ಬೆರ್ರಿಯೆಸಾ ರಸ್ತೆಯಲ್ಲಿ ಜಾರ್ಜ್ ಬಂಬ್ ಹಳೆಯ ಸಾಮಾನಿನ ದೊಡ್ಡ ಸಂತೆಯನ್ನು ತೆರೆದ. ಮುಂದಿನ ಎರಡು ದಶಕಗಳಲ್ಲಿ ತೋಟಗಳು ಕರಗಿ, ಗ್ಯಾರೇಜು ಸಮೇತ ಮನೆಗಳ ಸಾಲುಗಳು ಎದ್ದವು. ಕಾರಿಲ್ಲದೆ ಇಲ್ಲಿ ಬದುಕು ನಡೆಯದಂತಾಯಿತು.

ಹಳೆಯ ಕಾರುಗಳಲ್ಲಿ ಬ್ಯಾಟರಿ ತಿನ್ನುವ ಕಳ್ಳನನ್ನು ಹಿಡಿಯುವುದು ಸುಲಭವಿತ್ತು. ಡೈನಮೊ ಇದ್ದ ಕಾರಿನಲ್ಲಿ ಕಟ್‌ಔಟ್ ರಿಲೇಯ ಸಂಪರ್ಕ ಬಿಂದುಗಳು ಬಿಡದೆ ಅಂಟಿಕೊಂಡರೆ, ಎಂಜಿನ್ ನಿಂತ ಮೇಲೂ ಕರೆಂಟು ಬ್ಯಾಟರಿಯಿಂದ ಡೈನಮೊಗೆ ಹಿಂದಕ್ಕೆ ಹರಿಯುತ್ತಿತ್ತು. 1960ರ ಕ್ರೈಸ್ಲರ್ ವೇಲಿಯಂಟ್‌ನಿಂದ ಆಲ್ಟರ್ನೇಟರ್ ಬಳಕೆಗೆ ಬಂದಾಗ ಆ ಜಾಗವನ್ನು ಡಯೋಡ್ ಹಿಡಿಯಿತು. ಡಯೋಡ್ ಕೆಟ್ಟರೆ ಸೋರಿಕೆಯ ದಾರಿ ಮತ್ತೆ ತೆರೆಯುತ್ತದೆ. ಇವೆರಡಕ್ಕಿಂತಲೂ ಸಾಮಾನ್ಯವಾದದ್ದು ಡಿಕ್ಕಿ ಮುಚ್ಚಿದರೂ ಆರದ ದೀಪ. ಐದು ವಾಟಿನ ಬಲ್ಬು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ದಿನವೊಂದಕ್ಕೆ ಅದು ಹತ್ತು ಆಂಪಿಯರ್-ಅವರ್. 50 ಆಂಪಿಯರ್-ಅವರ್‌ನ ಬ್ಯಾಟರಿ ನಾಲ್ಕೈದು ದಿನದಲ್ಲಿ ಬರಿದು.

ಅಂದಿನ ಪರೀಕ್ಷೆಗೆ ಒಂದು ಟೆಸ್ಟ್ ಲ್ಯಾಂಪ್ ಸಾಕಿತ್ತು. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಯ ತುದಿಗೂ ನಡುವೆ ದೀಪ ಹಾಕುವುದು. ಅದು ಉರಿದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುವುದು. ಯಾವುದನ್ನು ಕಿತ್ತಾಗ ದೀಪ ಮಂಕಾಯಿತೋ ತಪ್ಪು ಆ ಸಾಲಿನಲ್ಲಿ. ಇಷ್ಟು ಸರಳವಾದ ಉಪಾಯ ಅಷ್ಟು ಕಾಲ ನಿಂತದ್ದು ಅದರ ಹಿಂದಿನ ತರ್ಕ ಗಟ್ಟಿಯಾಗಿದ್ದುದರಿಂದ.

ಕಂಪ್ಯೂಟರು ಬಂದು ಈ ಕೆಲಸವನ್ನು ಕಠಿಣಗೊಳಿಸಿತು. ಎಂಜಿನ್ನಿನ ಹೊಗೆ ನಿಯಂತ್ರಣದ ಭಾಗಗಳನ್ನು ಕಾರೇ ಪರೀಕ್ಷಿಸಿಕೊಳ್ಳಬೇಕೆಂಬ ನಿಯಮವನ್ನು ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದಲೇ ತಂದಿತು. 1996ರಿಂದ ಅಮೆರಿಕದಾದ್ಯಂತ ಮಾರುವ ಕಾರುಗಳಿಗೆ ಅದರ ಎರಡನೆಯ ರೂಪ ಕಡ್ಡಾಯವಾಯಿತು. ಬಾಗಿಲು, ರೇಡಿಯೊ, ಅಲಾರಂಗಳಿಗೂ ಪುಟ್ಟ ಕಂಪ್ಯೂಟರುಗಳು ಬಂದವು. ಬೀಗ ಹಾಕಿದ ಮೇಲೆ ಇವು ನಿದ್ದೆಗೆ ಜಾರಲು ಕೆಲವು ನಿಮಿಷಗಳಿಂದ ಒಂದು ಗಂಟೆಯವರೆಗೂ ಹಿಡಿಯುತ್ತದೆ. ಎಲ್ಲವೂ ಮಲಗಿದ ಮೇಲೆ ಸಾಮಾನ್ಯವಾಗಿ 50 ಮಿಲಿಆಂಪಿಯರ್‌ವರೆಗಿನ ಸೆಳೆತವನ್ನು ಒಪ್ಪುತ್ತಾರೆ. ಹಳೆಯ ಟೆಸ್ಟ್ ಲ್ಯಾಂಪ್ ಇಷ್ಟು ಸಣ್ಣ ಕರೆಂಟನ್ನು ಅಳೆದು ಹೇಳಲಾರದು.

ಫ್ಯೂಸು ಕೀಳುವ ಕ್ರಮಕ್ಕೂ ಪೆಟ್ಟು ಬಿತ್ತು. ಕಿತ್ತು ಮತ್ತೆ ಹಾಕಿದೊಡನೆ ಮಲಗಿದ್ದ ಕಂಪ್ಯೂಟರು ಎಚ್ಚರಗೊಂಡು ಲೆಕ್ಕ ಕೆಡಿಸುತ್ತದೆ. ನಿದ್ದೆಗೆಟ್ಟು ಸತಾಯಿಸುತ್ತಿದ್ದ ಘಟಕ ಫ್ಯೂಸು ಕಿತ್ತಾಗ ಸರಿಹೋಗಿ, ತಪ್ಪಿನ ಸುಳಿವೇ ಅಳಿಸಿಹೋಗುವುದೂ ಉಂಟು. ಹಾಗಾಗಿ ಈಗಿನ ಮೆಕ್ಯಾನಿಕ್ ಫ್ಯೂಸನ್ನು ಕೀಳುವುದಿಲ್ಲ. ಬಾನೆಟ್ ತೆರೆದಿಟ್ಟು, ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಬಾಗಿಲು ಮುಚ್ಚಿದೆಯೆಂದು ಕಾರನ್ನು ನಂಬಿಸಿ, ಕಾಯುತ್ತಾನೆ. ಆಮೇಲೆ ಪ್ರತಿ ಫ್ಯೂಸಿನ ಬೆನ್ನ ಮೇಲಿನ ಎರಡು ಲೋಹದ ಚುಕ್ಕೆಗಳಿಗೆ ಮಲ್ಟಿಮೀಟರಿನ ಮೊನೆಗಳನ್ನಿಟ್ಟು ಮಿಲಿವೋಲ್ಟ್ ಓದುತ್ತಾನೆ. ಸೊನ್ನೆ ಬಂದರೆ ಅಲ್ಲಿ ಕರೆಂಟಿಲ್ಲ; ಮಿಲಿವೋಲ್ಟಿನ ಒಂದಂಶ ಬಂದರೂ ಆ ದಾರಿಯಲ್ಲಿ ಏನೋ ಎಚ್ಚರವಾಗಿದೆ. ತಾಳ್ಮೆಯೇ ಇಲ್ಲಿ ಮುಖ್ಯ ಸಲಕರಣೆ.

2020ರ ಮಾರ್ಚ್ 17ರಂದು ಬೆರ್ರಿಯೆಸಾ ಸೇರಿದ ಸಾಂತಾ ಕ್ಲಾರಾ ಕೌಂಟಿಯಲ್ಲಿ ಕೋವಿಡ್ ಕಾರಣ ಮನೆಯಲ್ಲೇ ಉಳಿಯುವ ಆಜ್ಞೆ ಜಾರಿಯಾದಾಗ ಕಾರುಗಳು ವಾರಗಟ್ಟಲೆ ನಿಂತವು.  ಇಷ್ಟು ದಿನ ನಿಂತರೆ ದೋಷವಿಲ್ಲದ ಕಾರೂ ಸೋಲಬಹುದು: 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, ತಿಂಗಳಿಗೆ 36. ರಜೆಗೆಂದು ಬೆಂಗಳೂರಿಗೋ ಧಾರವಾಡಕ್ಕೋ ಹೊರಡುವ ಮನೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಕೇಬಲ್ ಬಿಚ್ಚಿಟ್ಟು ಹೋದರೆ ಸೋರಿಕೆ ನಿಲ್ಲುತ್ತದೆ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೊಂದು ಬೆಲೆಯಿದೆ. ಬ್ಯಾಟರಿ ಸತ್ತರೂ ಬಿಚ್ಚಿದರೂ ಕಾರಿನ ಸ್ವಯಂಪರೀಕ್ಷೆಯ ದಾಖಲೆ ಅಳಿಸಿಹೋಗಬಹುದು. 2000ನೇ ಇಸವಿಯ ಮತ್ತು ಅದರ ನಂತರದ ಮಾದರಿಯ ಪೆಟ್ರೋಲ್ ಕಾರಿನಲ್ಲಿ ಇಂಧನದ ಆವಿಗೆ ಸಂಬಂಧಿಸಿದ ಒಂದನ್ನುಳಿದು ಮಿಕ್ಕ ಪರೀಕ್ಷೆಗಳು ಮುಗಿದಿರದಿದ್ದರೆ ರಾಜ್ಯದ ಹೊಗೆ ತಪಾಸಣೆಯಾದ ಸ್ಮಾಗ್ ಚೆಕ್ ಪಾಸಾಗದು. ಅಂಥ ಕಾರನ್ನು ಊರೊಳಗೂ ಹೆದ್ದಾರಿಯಲ್ಲೂ ಕೆಲವು ದಿನ ಓಡಿಸಿ, ಆ ಪರೀಕ್ಷೆಗಳು ಮುಗಿದ ಮೇಲೆ ತಪಾಸಣೆಗೆ ಒಯ್ಯಬೇಕು.