ಮೀನಿನ ಮೃದ್ವಸ್ಥಿಯೂ ಬೆಳವಣಿಗೆಯ ದೂತನೂ

ಅಡುಗೆಗೆ ತಂದ ಮೀನಿನ ಕಿವಿರುಗಳನ್ನು ಬಿಡಿಸಿ ನೋಡಿದರೆ, ಕೆಂಪು ಎಸಳುಗಳಿಗೆ ಆಧಾರವಾದ ಕಮಾನುಗಳ ತುದಿಯಲ್ಲಿ, ಉಗುರಿನಿಂದ ಒತ್ತಿದರೆ ಬಾಗುವ ಬಿಳಿಯ ಪದಾರ್ಥವೊಂದು ಕಾಣುವುದು, ಅದೇ ಮೃದ್ವಸ್ಥಿ. ಅದು ಯಾರ ಆಜ್ಞೆಯಿಂದ ಬೆಳೆಯುತ್ತದೆಂಬ ವಿಚಾರ ಅರ್ಧ ಶತಮಾನದ ಅನ್ವೇಷಣೆಗೆ ವಸ್ತುವಾಯಿತು.

ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುವ ಪಿಟ್ಯೂಟರಿ ಗ್ರಂಥಿಯನ್ನು ಕಳೆದುಕೊಂಡ ಕಿಲ್ಲಿಫಿಶ್ ಎಂಬ ಪುಟ್ಟ ಮೀನಿಗೆ ಸಸ್ತನಿಗಳ ಬೆಳವಣಿಗೆಯ ಹಾರ್ಮೋನನ್ನು ಚುಚ್ಚಿದರೆ ಅದು ಮತ್ತೆ ಬೆಳೆಯುವುದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಗ್ರೇಸ್ ಪಿಕ್‌ಫರ್ಡ್ 1940ರ ದಶಕದ ಕೊನೆಯಲ್ಲಿಯೇ ತೋರಿಸಿದ್ದರು. ಆಕೆ ಜೇಮ್ಸ್ ಆಟ್ಸ್ ಅವರೊಡನೆ ಮೀನುಗಳ ಪಿಟ್ಯೂಟರಿಯನ್ನು ಕುರಿತ ಬೃಹದ್ಗ್ರಂಥವನ್ನು ಹೊರತಂದ 1957ರಲ್ಲಿಯೇ, ಸ್ಯಾಮನ್ ಮತ್ತು ಡಾಡೆ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ಇಲಿಯ ಮೃದ್ವಸ್ಥಿಯಲ್ಲಿ ಒಂದು ವಿಚಿತ್ರವನ್ನು ಕಂಡರು. ಬೆಳೆಯುವ ಮೃದ್ವಸ್ಥಿ ತನ್ನ ಹಂದರವನ್ನು ಕಟ್ಟಿಕೊಳ್ಳಲು ಸಲ್ಫೇಟನ್ನು ಹೀರಿಕೊಳ್ಳುವುದರಿಂದ, ವಿಕಿರಣಶೀಲ ಗಂಧಕವನ್ನು ಬೆರೆಸಿಟ್ಟು ಬೆಳವಣಿಗೆಯನ್ನು ಅಳೆಯಬಹುದಷ್ಟೆ. ಆದರೆ ಹಾರ್ಮೋನನ್ನು ನೇರವಾಗಿ ಅದರ ಮೇಲೆ ಸುರಿದರೆ ಹೆಚ್ಚಿನ ಫಲ ಕಾಣದೆ, ಹಾರ್ಮೋನು ಪಡೆದ ಪ್ರಾಣಿಯ ರಕ್ತಸಾರವನ್ನು ಹಾಕಿದಾಗ ಮಾತ್ರ ಹೀರಿಕೆ ಏರಿತು. ಹಾರ್ಮೋನೆಂಬ ಒಡೆಯನಿಗೂ ಮೃದ್ವಸ್ಥಿಯೆಂಬ ಆಳಿಗೂ ನಡುವೆ ದೂತನೊಬ್ಬನಿದ್ದನೆಂಬುದು ಹೀಗೆ ಹೊರಬಿದ್ದಿತು. ಅವನಿಗೆ 1972ರಲ್ಲಿ ಸೊಮ್ಯಾಟೊಮೆಡಿನ್ ಎಂಬ ಹೆಸರು ಬಂದಿತು. 1978ರಲ್ಲಿ ರಿಂಡರ್‌ಕ್ನೆಕ್ಟ್ ಮತ್ತು ಹಂಬೆಲ್ ಅವನ 70 ಅಮೈನೋ ಆಮ್ಲಗಳ ಸರಣಿಯನ್ನು ಬಿಡಿಸಿ, ಇನ್ಸುಲಿನ್ನಿನೊಡನೆ ಅವನಿಗಿರುವ ನೆಂಟಸ್ತಿಕೆಯನ್ನು ತೋರಿಸಿದರು. ಇಂದು ಅವನನ್ನು ಐಜಿಎಫ್-1 ಎನ್ನುವರು. ಅವನ ಮುಖ್ಯ ತವರು ಯಕೃತ್ತು.

ಮೀನಿನಲ್ಲಿಯೂ ಇದೇ ವ್ಯವಸ್ಥೆಯುಂಟೆ? ಉತ್ತರ ಕಿವಿರಿನ ಕಮಾನಿನಿಂದಲೇ ಬಂದಿತು. ಜಪಾನಿನ ಹಾವುಮೀನಿನ ಮೃದ್ವಸ್ಥಿಯ ಚೂರುಗಳನ್ನು ಗಾಜಿನ ಬಟ್ಟಲಲ್ಲಿ ಜೀವಂತವಾಗಿಟ್ಟು, ಡುವಾನ್ ಮತ್ತವರ ಸಹೋದ್ಯೋಗಿಗಳು 1990ರಿಂದ ಪ್ರಕಟಿಸಿದ ಪ್ರಯೋಗಗಳೂ, 1992ರಲ್ಲಿ ಕೋಹೊ ಸಾಲ್ಮನ್ನನ್ನು ಕುರಿತು ಮೆಕಾರ್ಮಿಕ್ ಮೊದಲಾದವರು ನಡೆಸಿದ ಪರೀಕ್ಷೆಗಳೂ ಐಜಿಎಫ್-1 ಮೀನಿನ ಮೃದ್ವಸ್ಥಿಯನ್ನು ನೇರವಾಗಿ ಪ್ರಚೋದಿಸುವುದೆಂದು ಸಾರಿದುವು. ಹಾವುಮೀನಿನಲ್ಲಿ ಇನ್ಸುಲಿನ್ನೂ ಸ್ವತಂತ್ರವಾಗಿ ಈ ಕೆಲಸವನ್ನು ಮಾಡುವುದೆಂದು ತಿಳಿದುಬಂದುದು ಇನ್ನೊಂದು ವಿಶೇಷ.

ಇದಕ್ಕಿಂತ ಸ್ವಾರಸ್ಯವಾದುದು ಉಪವಾಸದ ಪಾಠ. ಆಹಾರವಿಲ್ಲದ ಸಾಲ್ಮನ್ನಿನ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಇಳಿಯುವುದರ ಬದಲು ಏರುವುದು. ಆದರೂ ಮೀನು ಬೆಳೆಯದು. ಯಕೃತ್ತು ಆ ಹಾರ್ಮೋನನ್ನು ಗ್ರಹಿಸುವ ಶಕ್ತಿ ಕುಗ್ಗಿ, ದೂತನೇ ವಿರಳನಾಗುವನು. ಇದಕ್ಕೆ ವಿಪರ್ಯಯವಾಗಿ, 1994ರಲ್ಲಿ ಕೆನಡದಲ್ಲಿ ಡೆವ್ಲಿನ್ ಮತ್ತು ಸಂಗಡಿಗರು ಹಾರ್ಮೋನಿನ ಜೀನನ್ನು ಸೇರಿಸಿ ಬೆಳೆಸಿದ ಕೋಹೊ ಸಾಲ್ಮನ್ನುಗಳು ಸಾಮಾನ್ಯ ಮೀನುಗಳ ಸರಾಸರಿ 11 ಪಟ್ಟು ತೂಗಿದುವು. ಆದರೆ ಬಲು ಬೇಗ ಬೆಳೆದ ಕೆಲವುಗಳ ತಲೆಯ ಮೃದ್ವಸ್ಥಿ ಮಿತಿಮೀರಿ ಉಬ್ಬಿ ಮುಖವೇ ವಿಕಾರಗೊಂಡಿತು.

ಹೊಟ್ಟೆಯ ಸ್ಥಿತಿಯನ್ನು ತೂಗಿನೋಡಿ ಆಜ್ಞೆಯನ್ನು ಹಿಡಿದಿಡುವ ಅಥವಾ ಸಾಗಿಸುವ ದೂತನಿದ್ದರೇನೇ ಬೆಳವಣಿಗೆಗೆ ಮಿತಿಯುಂಟು ಎಂಬುದಕ್ಕೆ, ಉಗುರಿಗೆ ಬಾಗುವ ಆ ಬಿಳಿಯ ಚೂರೇ ಸಾಕ್ಷಿ.